ಮಜ್ಜೆಯ ಕ್ಯಾನ್ಸರ್ ಮೂಳೆಯನ್ನೇಕೆ ಸವೆಸುತ್ತದೆ?

ಸೋಮವಾರಪೇಟೆಯಲ್ಲಿ ತೋಟ ನೋಡಿಕೊಳ್ಳುವ ನಿಮ್ಮ ತಂದೆಯವರಿಗೆ ಮಲ್ಟಿಪಲ್ ಮೈಲೋಮಾ ಎಂಬ ಮಜ್ಜೆಯ ಕ್ಯಾನ್ಸರ್ ಇರುವುದು ತಿಳಿದುಬಂದಿದೆ. ರೋಗ ರಕ್ತದ ಕೋಶದ್ದಾದರೆ ಬೆನ್ನುಮೂಳೆ ಕುಸಿದದ್ದೇಕೆ, ಕೀಮೋ ನಡೆಯುತ್ತಿರುವಾಗ ಮೂಳೆಗೆಂದು ಬೇರೆ ಡ್ರಿಪ್ ಏಕೆ ಎಂದು ಕೇಳಿದ್ದೀರಿ. ನನ್ನ ತಾಯಿಗೂ ಇದೇ ಕಾಯಿಲೆ ಇತ್ತು. ಮಡಿಕೇರಿಯಲ್ಲಿ ಜೀವಶಾಸ್ತ್ರ ಕಲಿಸುತ್ತಿದ್ದ ನಾನೇ ಅವರ ಸೊಂಟನೋವನ್ನು ತೋಟದ ಕೆಲಸದ ಆಯಾಸವೆಂದು ತಿಂಗಳುಗಟ್ಟಲೆ ನಂಬಿದ್ದೆ.

ಅರೇಬಿಕಾ ಕಾಫಿ ಗಿಡಕ್ಕೆ ಬಿಳಿ ಕಾಂಡಕೊರಕ ಹುಳು ಬಿದ್ದಾಗ ನಾವು ಗಿಡವನ್ನಷ್ಟೇ ಪರೀಕ್ಷಿಸುವುದಿಲ್ಲ, ಮೇಲಿನ ನೆರಳು ತೆಳುವಾಗಿದೆಯೇ ಎಂದೂ ನೋಡುತ್ತೇವೆ. ಮೈಲೋಮಾವನ್ನೂ ಅದು ಬೆಳೆಯುವ ಜಾಗದೊಂದಿಗೇ ನೋಡಬೇಕು.

ಪ್ರತಿಕಾಯಗಳನ್ನು ತಯಾರಿಸುವ ಪ್ಲಾಸ್ಮಾ ಕೋಶಗಳು ಕೆಟ್ಟು ಮಜ್ಜೆಯ ಆಧಾರಕೋಶಗಳಿಗೆ ಅಂಟಿಕೊಂಡಾಗ, ಆ ನೆರೆಕೋಶಗಳು ಇಂಟರ್‌ಲ್ಯೂಕಿನ್-6 ಎಂಬ ಸಂಕೇತ ಪ್ರೋಟೀನನ್ನು ಹೆಚ್ಚಾಗಿ ಸ್ರವಿಸುತ್ತವೆ. ಕ್ಯಾನ್ಸರ್ ಕೋಶ ಬದುಕುವುದಕ್ಕೂ ವಿಭಜನೆಯಾಗುವುದಕ್ಕೂ ಅದು ಪ್ರಚೋದನೆ. ಅದರ ಜೊತೆಗೇ ರ‍್ಯಾಂಕ್ ಲೈಗ್ಯಾಂಡ್ ಎಂಬ ಇನ್ನೊಂದು ಸಂಕೇತ ಏರಿ, ಅದಕ್ಕೆ ಕಡಿವಾಣ ಹಾಕುವ ಆಸ್ಟಿಯೊಪ್ರೊಟೆಜೆರಿನ್ ಇಳಿಯುವುದರಿಂದ, ಹಳೆಯ ಮೂಳೆಯನ್ನು ಕರಗಿಸುವ ಆಸ್ಟಿಯೊಕ್ಲಾಸ್ಟ್ ಕೋಶಗಳು ಮಿತಿಮೀರಿ ಕೆಲಸ ಮಾಡುತ್ತವೆ. ಕರಗಿದ ಮೂಳೆಯೊಳಗಿಂದ ಹೊರಬರುವ ಟಿಜಿಎಫ್-ಬೀಟಾ ಎಂಬ ಮತ್ತೊಂದು ಸಂಕೇತ ಪ್ರೋಟೀನು ಆಧಾರಕೋಶಗಳಿಂದ ಮತ್ತಷ್ಟು ಇಂಟರ್‌ಲ್ಯೂಕಿನ್-6 ಹೊರಡಿಸುತ್ತದೆ. ಹೀಗೆ ಮೂಳೆ ಸವೆದಷ್ಟೂ ಕ್ಯಾನ್ಸರ್‌ಗೆ ಆಹಾರ ಸಿಗುತ್ತದೆ. ಸಾಲದ್ದಕ್ಕೆ, ಮೈಲೋಮಾ ಕೋಶಗಳು ಸ್ರವಿಸುವ ಡಿಕೆಕೆ-1 ಎಂಬ ಪ್ರೋಟೀನು ಹೊಸ ಮೂಳೆ ಕಟ್ಟುವ ಕೋಶಗಳನ್ನೂ ತಡೆಯುತ್ತದೆ. ಸಾಮಾನ್ಯ ಬೋನ್ ಸ್ಕ್ಯಾನ್ ಗುರುತಿಸುವುದು ಈ ಕಟ್ಟುವ ಕೆಲಸವನ್ನೇ ಆದ್ದರಿಂದ, ಮೈಲೋಮಾದ ರಂಧ್ರಗಳು ಅದರಲ್ಲಿ ಎಷ್ಟೋ ಸಲ ಕಾಣುವುದಿಲ್ಲ. ವೈದ್ಯರು ಸಿಟಿ ಅಥವಾ ಪೆಟ್-ಸಿಟಿ ಕೇಳುವುದು ಅದಕ್ಕಾಗಿ.

ಇಂಟರ್‌ಲ್ಯೂಕಿನ್-6 ಒಂದನ್ನೇ ತಡೆಯುವ ಔಷಧವನ್ನು ಮೈಲೋಮಾದಲ್ಲಿ ಪ್ರಯೋಗಿಸಿದಾಗ ನಿರೀಕ್ಷಿಸಿದ ಲಾಭ ಸಿಗಲಿಲ್ಲ. ಒಂದು ದಾರಿ ಮುಚ್ಚಿದರೆ ಈ ಕೋಶಗಳಿಗೆ ಬೇರೆ ದಾರಿಗಳಿವೆ ಎಂದು ನಾನು ಅರ್ಥಮಾಡಿಕೊಂಡಿದ್ದೇನೆ. ಆದರೆ ಆಸ್ಟಿಯೊಕ್ಲಾಸ್ಟ್‌ಗಳನ್ನು ತಡೆಯುವುದು ಫಲ ಕೊಟ್ಟಿದೆ. ಬ್ರಿಟನ್ನಿನಲ್ಲಿ 1,960 ರೋಗಿಗಳ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಮೈಲೋಮಾ-9 ಅಧ್ಯಯನದಲ್ಲಿ, ಕೀಮೋ ಜೊತೆ ಆಸ್ಟಿಯೊಕ್ಲಾಸ್ಟ್ ತಡೆಯುವ ಝೋಲೆಡ್ರೋನಿಕ್ ಆಮ್ಲ ಪಡೆದವರು ಅದೇ ಗುಂಪಿನ ಇನ್ನೊಂದು ಔಷಧವಾದ ಕ್ಲೋಡ್ರೋನಿಕ್ ಆಮ್ಲ ಪಡೆದವರಿಗಿಂತ ಸರಾಸರಿ ಐದೂವರೆ ತಿಂಗಳು ಹೆಚ್ಚು ಬದುಕಿದರು. ನಿಮ್ಮ ತಂದೆಯವರಿಗೆ ಹಾಕುತ್ತಿರುವ ಡ್ರಿಪ್ ಬಹುಶಃ ಇದೇ ಇರಬೇಕು. ಅದನ್ನು ಬರೀ ನೋವಿನ ಮದ್ದೆಂದು ತಿಳಿದು ತಪ್ಪಿಸಬೇಡಿ.

ಈ ಔಷಧದಿಂದ ದವಡೆಯ ಮೂಳೆಗೆ ಅಪರೂಪವಾಗಿ ಹಾನಿಯಾಗುವುದರಿಂದ ಹಲ್ಲು ಕೀಳಿಸುವುದಿದ್ದರೆ ಮೊದಲೇ ವೈದ್ಯರಿಗೆ ತಿಳಿಸಿ. ಮೂತ್ರಪಿಂಡದ ರಕ್ತಪರೀಕ್ಷೆ ನೋಡಿಯೇ ಪ್ರಮಾಣ ನಿರ್ಧರಿಸುತ್ತಾರೆ; ಮೈಲೋಮಾವೇ ಮೂತ್ರಪಿಂಡವನ್ನು ಕೆಡಿಸಬಲ್ಲದಾದ್ದರಿಂದ, ಬೆನ್ನುನೋವಿಗೆಂದು ಐಬುಪ್ರೊಫೆನ್, ಡೈಕ್ಲೊಫೆನಾಕ್ ಮಾತ್ರೆಗಳನ್ನು ಅಂಗಡಿಯಿಂದ ತಂದುಕೊಡಬೇಡಿ. ಕಾಲು ಮರಗಟ್ಟಿದರೆ, ನಡಿಗೆ ತಡವರಿಸಿದರೆ ಅಥವಾ ಮೂತ್ರ ಕಟ್ಟಿದರೆ ಬೆನ್ನುಹುರಿ ಒತ್ತಡಕ್ಕೆ ಸಿಕ್ಕಿರಬಹುದು. ಮಳೆ ಜೋರಾಗಿದೆ, ಮೈಸೂರು ದೂರ ಎಂದು ಮರುದಿನಕ್ಕೆ ಕಾಯದೆ ಆಗಲೇ ಕರೆದುಕೊಂಡು ಹೊರಡಿ.