ಸಮಿತಿಗೆ ಹ್ಞೂಂ ಅನ್ನು, ಕುರ್ಚಿಗೆ ಒಂದು ವರ್ಷ ತಡಿ

ತಂಗಿ,

"ಅಕ್ಕಾ, ಲೈಸೆನ್ಸ್ ಕೈಗೆ ಬಂದು ಆರು ತಿಂಗಳಾಯಿತು. ಇಲ್ಲಿನ, ರೋಗಿಗೆ ತಕ್ಕ ಔಷಧ ಬೆರೆಸಿ ಕೊಡುವ ಕಾಂಪೌಂಡಿಂಗ್ ಫಾರ್ಮಸಿಸ್ಟರ ಸಂಘದವರು ಶಿಕ್ಷಣ ಸಮಿತಿಗೆ ಬಾ, ಉಪಾಧ್ಯಕ್ಷೆ ಆಗು ಅಂತ ಕರೆಯುತ್ತಿದ್ದಾರೆ. ಒಂದು ಪೈಸೆ ಸಂಬಳ ಇಲ್ಲ. ನಾನು ಮಾತಾಡಿದರೆ ಜನ ಎರಡೆರಡು ಸಲ ಕೇಳುತ್ತಾರೆ. ಇವರ ಮಧ್ಯೆ ನನ್ನದೇನು ಕೆಲಸ? ವೀಸಾಕ್ಕೆ ತೊಂದರೆ ಆದರೆ?" ಅಂತ ಕೇಳಿದ್ದೀಯ. ಕೊನೆಗೆ, "ಇದು ನಮ್ಮ ಊರು ಅಂತ ಯಾವಾಗ ಅಕ್ಕಾ ಅನ್ನಿಸೋದು?" ಅಂತ ಒಂದು ಸಾಲು. ಆ ಸಾಲು ಓದಿ ಎರಡು ದಿನ ಏನೂ ಬರೆಯಲಾಗಲಿಲ್ಲ.

ನಾನೀಗ ಸೋಮವಾರಪೇಟೆ ಹತ್ತಿರ ನಮ್ಮ ತೋಟದ ಮನೆಯಲ್ಲಿದ್ದೇನೆ. ಅರೇಬಿಕಾ ಕುಯ್ಲು ಮುಗಿಯುತ್ತಾ ಬಂತು. ಕಣದಲ್ಲಿ ಕಾಫಿ ಹರವಿದೆ, ಅಣ್ಣ ಬರಿಗಾಲಲ್ಲಿ ಸಾಲು ಎಳೆಯುತ್ತಾ ತಿರುವಿ ಹಾಕುತ್ತಿದ್ದಾನೆ. ಜಗಲಿಯಲ್ಲಿ ಕೂತು ಬರೆಯುತ್ತಿದ್ದೇನೆ. ಇಪ್ಪತ್ತೈದು ವರ್ಷಕ್ಕೂ ಹೆಚ್ಚು ಅಮೆರಿಕದಲ್ಲಿದ್ದು, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ವರ್ಷ ಇಂಥದ್ದೇ ಸಮಿತಿಗಳಲ್ಲಿ ಕೂತವಳು ನಾನು. ಮೊದಲೇ ಹೇಳಿಬಿಡುತ್ತೇನೆ: ಸಮಿತಿಗೆ ಹ್ಞೂಂ ಅನ್ನು. ಉಪಾಧ್ಯಕ್ಷ ಸ್ಥಾನಕ್ಕೆ ಮಾತ್ರ ಒಂದು ವರ್ಷ ಬೇಡ ಅನ್ನು. ಯಾಕೆ ಅಂತ ಹೇಳುತ್ತೇನೆ.

ನನ್ನ ಅಪ್ಪ ಪೇಟೆಯ ಡಾಕ್ಟರೊಬ್ಬರ ಹತ್ತಿರ ಕಂಪೌಂಡರ್ ಆಗಿದ್ದರು. ನಿನ್ನ ವಯಸ್ಸಿನವರು ಆ ಬಾಟಲಿ ನೋಡಿರಲಿಕ್ಕಿಲ್ಲ. ಅಪ್ಪ ಮಿಕ್ಸ್ಚರ್ ಬೆರೆಸಿ ಬಾಟಲಿಗೆ ತುಂಬಿ, ಉದ್ದನೆಯ ಕಾಗದದ ಪಟ್ಟಿಯನ್ನು ಮಡಿಸಿ ಅಂಚು ಹಲ್ಲುಹಲ್ಲಾಗಿ ಕತ್ತರಿಸಿ, ಗೋಂದು ಹಚ್ಚಿ ಬಾಟಲಿಯ ಮೈಗೆ ಅಂಟಿಸುತ್ತಿದ್ದರು. ಒಂದು ಹಲ್ಲು ಅಂದರೆ ಒಂದು ಹೊತ್ತಿನ ಔಷಧ. ಓದು ಬಾರದ ತೋಟದಾಳು ಕೂಡ ಹಲ್ಲು ಎಣಿಸಿ ಕುಡಿಯಬಹುದಿತ್ತು. "ಅಲ್ಲಾಡಿಸಿ ಕುಡೀಬೇಕು" ಅಂತ ಅಪ್ಪ ಪ್ರತಿಯೊಬ್ಬರಿಗೂ ಹೇಳುತ್ತಿದ್ದರು, ಹತ್ತನೇ ಸಲ ಬಂದವರಿಗೂ. ಬಾಟಲಿ ಮೇಲಿನ ಗುರುತು ರೋಗಿಗೆ ಕೊಟ್ಟ ಮಾತು ಅನ್ನುವುದನ್ನು ನಾನು ಕಲಿತದ್ದು ಬಿ.ಫಾರ್ಮ್‌ನಲ್ಲಲ್ಲ, ಅಪ್ಪ ಔಷಧ ಕೊಡುತ್ತಿದ್ದ ಕಿಟಕಿಯ ಹತ್ತಿರ.

ಈಗ ನಿನ್ನ ಕೌಂಟರಿಗೆ ಬಾ. ಮಾತ್ರೆ ನುಂಗಲಾರದ ಮಗುವಿಗೆ ನೀನು ನೀರಿನ ಸಸ್ಪೆನ್ಷನ್, ಅಂದರೆ ಅಲ್ಲಾಡಿಸಿ ಕುಡಿಯುವ ಔಷಧ, ಮಾಡುತ್ತೀಯ. ಕೆಡದಂತೆ ಕಾಯುವ ಪ್ರಿಸರ್ವೇಟಿವ್ ಇಲ್ಲದಿದ್ದರೆ, ಬೇರೆ ಪರೀಕ್ಷೆಯ ಆಧಾರ ಇಲ್ಲದಿದ್ದರೆ, ಲೇಬಲ್ ಮೇಲೆ ಫ್ರಿಜ್‌ನಲ್ಲಿ 14 ದಿನ ಅಂತ ಹಾಕುತ್ತೀಯ. ಪ್ರಿಸರ್ವೇಟಿವ್ ಇದ್ದರೆ 35 ದಿನ. ಆ 14 ಎಲ್ಲಿಂದ ಬಂತು? ಅಮೆರಿಕದಲ್ಲಿ ಔಷಧಗಳ ಗುಣಮಟ್ಟ ಗೊತ್ತುಮಾಡುವ ಸಂಸ್ಥೆ ಯುಎಸ್‌ಪಿಯ 795ನೇ ಅಧ್ಯಾಯದಿಂದ. ಆ ಅಧ್ಯಾಯ ಬರೆಯುವ ಪರಿಣತರ ಸಮಿತಿಯಲ್ಲಿ ಕೂರುವವರು ನಮ್ಮ ನಿಮ್ಮ ಹಾಗೆ ಎಲ್ಲೋ ಕೆಲಸದಲ್ಲಿರುವ ಸ್ವಯಂಸೇವಕರು. ಯುಎಸ್‌ಪಿ ಹುಟ್ಟಿದ್ದೇ ಹಾಗೆ: 1820ರ ಜನವರಿ 1ರಂದು ವಾಷಿಂಗ್ಟನ್ನಿನ ಕ್ಯಾಪಿಟಲ್ ಕಟ್ಟಡದ ಸೆನೆಟ್ ಕೋಣೆಯಲ್ಲಿ ಹನ್ನೊಂದು ಜನ ವೈದ್ಯರು ಸೇರಿ ಔಷಧಗಳ ಪಟ್ಟಿಗೆ ಒಂದು ಅಳತೆ ಇರಲಿ ಅಂತ ಕೂತರು.

2019ರಲ್ಲಿ 795 ಮತ್ತು ಇಂಜೆಕ್ಷನ್ನಿನಂಥ ಕ್ರಿಮಿರಹಿತ ಔಷಧಗಳ 797ರ ತಿದ್ದುಪಡಿ ಪ್ರಕಟವಾದಾಗ ಈ ದಿನಗಳ ಲೆಕ್ಕ ಒಪ್ಪದವರು ಮೇಲ್ಮನವಿ ಹಾಕಿದರು. 2020ರ ಮಾರ್ಚ್‌ನಲ್ಲಿ ಎರಡೂ ಅಧ್ಯಾಯ ಮತ್ತೆ ಸಮಿತಿಗೇ ವಾಪಸ್ ಹೋದವು. ಮತ್ತೆ ಬರೆದು, ಅಭಿಪ್ರಾಯ ಕೇಳಿ, 2022ರ ನವೆಂಬರಿನಲ್ಲಿ ಪ್ರಕಟಿಸಿ, ಜಾರಿಗೆ ತಂದದ್ದು 2023ರ ನವೆಂಬರ್ 1ಕ್ಕೆ. ಆ ಅವಧಿಯಲ್ಲಿ ಅಭಿಪ್ರಾಯ ಕಳಿಸಿದವರು ಯಾರು? ಸಂಘದ ಸಮಿತಿಗಳಲ್ಲಿ ರಾತ್ರಿ ಊಟ ಮುಗಿಸಿ ಕೂತು ಸಾಲುಸಾಲು ಓದಿದವರೂ ಅವರಲ್ಲಿದ್ದರು. "ಇವರ ಮಧ್ಯೆ ನನ್ನದೇನು ಕೆಲಸ" ಅಂದೆಯಲ್ಲ, ಕೆಲಸ ಇದೇ. ದಿನವೂ ಆ ಬಾಟಲಿ ತುಂಬುವವರು ಓದದೆ ಬಿಟ್ಟರೆ, ತುಂಬಿ ಎಷ್ಟೋ ವರ್ಷವಾದವರು ಬರೆದದ್ದೇ ನಿಯಮವಾಗುತ್ತದೆ.

ಇದರಲ್ಲಿ ಜೀವದ ಪ್ರಶ್ನೆ ಇದೆ. 2012ರಲ್ಲಿ ಮ್ಯಾಸಚೂಸೆಟ್ಸ್‌ನ ಒಂದು ಕಾಂಪೌಂಡಿಂಗ್ ಸಂಸ್ಥೆಯಲ್ಲಿ ತಯಾರಾದ ಸ್ಟೀರಾಯ್ಡ್ ಇಂಜೆಕ್ಷನ್ನಿನಲ್ಲಿ ಶಿಲೀಂಧ್ರ ಸೇರಿತ್ತು. ಬೆನ್ನುನೋವಿಗೆ ಅಂತ ಬೆನ್ನುಮೂಳೆಯ ಹತ್ತಿರ ಚುಚ್ಚಿಸಿಕೊಂಡವರಲ್ಲಿ ಹಲವರು ಮೆನಿಂಜೈಟಿಸ್, ಅಂದರೆ ಮೆದುಳು ಬೆನ್ನುಹುರಿಯ ಪೊರೆಯ ಸೋಂಕು, ಹತ್ತಿ ಸತ್ತರು. ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಸಿಡಿಸಿಯ ಲೆಕ್ಕದಲ್ಲಿ 20 ರಾಜ್ಯಗಳಲ್ಲಿ 753 ಜನ ಕಾಯಿಲೆ ಬಿದ್ದರು, 64 ಜನ ತೀರಿಕೊಂಡರು. ಆ ಅಕ್ಟೋಬರಿನಲ್ಲಿ ನಮ್ಮ ಸಮಿತಿಯ ಮೊದಲ ಸಭೆಯಲ್ಲಿ ಅರ್ಧ ಜನ "ಅದು ನಾವಲ್ಲ" ಅನ್ನುವುದರಲ್ಲೇ ಒಂದು ಗಂಟೆ ಕಳೆದರು. ನನಗೆ ತಡೆಯಲಾಗಲಿಲ್ಲ. ಸತ್ತವರ ಮನೆಯವರಿಗೆ ನಮ್ಮ ನಿಮ್ಮ ವ್ಯತ್ಯಾಸ ಗೊತ್ತಿಲ್ಲ, ನಾವು ಮೊದಲು ನಮ್ಮ ನಮ್ಮ ಕ್ಲೀನ್‌ರೂಮ್ ನೋಡಿಕೊಳ್ಳೋಣ ಅಂದೆ. ಮರುವರ್ಷ ನವೆಂಬರ್ 27ರಂದು ಹೊಸ ಕಾನೂನು ಬಂತು. ಒಬ್ಬ ರೋಗಿಯ ಹೆಸರಿನ ಚೀಟಿಗೆ ತಯಾರಿಸುವವರು ಕಾನೂನಿನ 503ಎ ವಿಭಾಗದಲ್ಲಿ ಉಳಿದರು, ಚೀಟಿ ಇಲ್ಲದೆಯೂ ದೊಡ್ಡ ಪ್ರಮಾಣದಲ್ಲಿ ತಯಾರಿಸಿ ಆಸ್ಪತ್ರೆಗಳಿಗೆ ಕೊಡುವವರು ಔಷಧಗಳ ಮೇಲೆ ಕಣ್ಣಿಡುವ ಸರ್ಕಾರಿ ಸಂಸ್ಥೆ ಎಫ್‌ಡಿಎಯಲ್ಲಿ ನೋಂದಾಯಿಸಿಕೊಳ್ಳಲು 503ಬಿ ಅನ್ನುವ ಹೊಸ ವಿಭಾಗ ಆದದ್ದು ಆಗ. ಈಗ ನಿನಗೆ ಅದು ಪರೀಕ್ಷೆಗೆ ಓದಿದ ಎರಡು ಸಂಖ್ಯೆ.

ಆದರೆ ಆ ದಿನ ಬಾಯಿ ಬಿಟ್ಟ ನಾನೇ ಅದಕ್ಕೆ ಮೂರು ವರ್ಷ ಹಿಂದೆ ಬಾಯಿ ಮುಚ್ಚಿ ಕೂತಿದ್ದೆ. ಉಪಾಧ್ಯಕ್ಷ ಸ್ಥಾನ ಈಗಲೇ ಬೇಡ ಅನ್ನುವುದು ಅದಕ್ಕೇ.

ಆಗ ನಾನು ಸಮಿತಿಗೆ ಹೊಸಬಳು. ಮಕ್ಕಳ ಔಷಧಗಳ ಬಗ್ಗೆ ಸದಸ್ಯರಿಗೆ ಕಳಿಸಲು ಎರಡು ಪುಟದ ಹಾಳೆ ತಯಾರಾಗಿತ್ತು. ಸಭೆಯಲ್ಲಿ ಎಲ್ಲರ ಮುಂದೆ ಅದರ ಪ್ರತಿ. ಎರಡನೇ ಪುಟದ ಕೋಷ್ಟಕದಲ್ಲಿ, ಮೇಲಿನಿಂದ ನಾಲ್ಕನೇ ಸಾಲಿನಲ್ಲಿ, "1.0 ಮಿ.ಗ್ರಾಂ" ಅಂತ ಅಚ್ಚಾಗಿತ್ತು. ನಮ್ಮ ಕಸುಬಿನಲ್ಲಿ ಹಾಗೆ ಬರೆಯಬಾರದು ಅಂತ ನಿನಗೂ ಗೊತ್ತು. ಚುಕ್ಕಿ ಮಾಸಿದರೆ ಒಂದು ಹತ್ತಾಗುತ್ತದೆ. ಒಂದು ಅಂದರೆ ಬರೀ 1. ಒಂದಕ್ಕಿಂತ ಕಡಿಮೆ ಇದ್ದರೆ ಮಾತ್ರ ಚುಕ್ಕಿಗೆ ಮೊದಲು ಸೊನ್ನೆ, 0.5. ನನಗೆ ಕಂಡಿತು. ಪೆನ್ನಿನಿಂದ ನನ್ನ ಪ್ರತಿಯಲ್ಲಿ ಅದಕ್ಕೆ ಒಂದು ಸುತ್ತೂ ಹಾಕಿದೆ. ಆದರೆ ಹಾಳೆ ಬರೆದವರು ಅಧ್ಯಕ್ಷರೇ, ತಲೆ ನೆರೆತ ದೊಡ್ಡವರು. ನಾಲ್ಕು ಜನರ ಮುಂದೆ ಹಿರಿಯರ ತಪ್ಪು ಎತ್ತಿ ಆಡುವುದು ನಮ್ಮ ಮನೆಯಲ್ಲಿ ಕಲಿಸಿದ್ದಲ್ಲ. ಯಾರಾದರೂ ಹೇಳುತ್ತಾರೆ ಅಂತ ಸುಮ್ಮನಾದೆ. ಯಾರೂ ಹೇಳಲಿಲ್ಲ. "ಆಕ್ಷೇಪ ಇದೆಯೇ?" ಅಂತ ಕೇಳಿದರು. ನಾನೂ ಕೈ ಎತ್ತಿ ಒಪ್ಪಿದೆ.

ಹಾಳೆ ಫ್ಯಾಕ್ಸ್‌ನಲ್ಲಿ ಹೋಯಿತು. ಒಂದು ವಾರದ ಮೇಲೆ ದೂರದ ಸಣ್ಣ ಊರಿನ ಟೆಕ್ನಿಷಿಯನ್ ಒಬ್ಬಳು ಸಂಘದ ಕಚೇರಿಗೆ ಫೋನ್ ಮಾಡಿ, "ಇದು ಒಂದೋ ಹತ್ತೋ?" ಅಂತ ಕೇಳಿದಳು. ಅವಳು ಕೇಳಿದ್ದರಿಂದ ಯಾವ ಮಗುವಿಗೂ ಏನೂ ಆಗಲಿಲ್ಲ. ತಿದ್ದುಪಡಿ ಹಾಳೆ ಹೋಯಿತು. ನಾನು ಸುತ್ತು ಹಾಕಿದ್ದ ಪ್ರತಿ ಚೀಲದಲ್ಲೇ ಇತ್ತು. ಆ ರಾತ್ರಿ ಊಟ ಸೇರಲಿಲ್ಲ.

ಮಾರನೇ ದಿನ ಅಧ್ಯಕ್ಷರಿಗೆ ಫೋನ್ ಮಾಡಿ ಇದ್ದದ್ದು ಇದ್ದ ಹಾಗೆ ಹೇಳಿದೆ. ಅವರು ಬೈಯಲಿಲ್ಲ. "ನೀನು ಹೇಳಿದ್ದರೆ ನನಗೆ ಮರ್ಯಾದೆ ಕೊಟ್ಟ ಹಾಗಾಗುತ್ತಿತ್ತು" ಅಂದರು. ಮುಂದಿನ ತಿಂಗಳಿಂದ ಹೊರಗೆ ಹೋಗುವ ಪ್ರತಿ ಹಾಳೆ ಮೊದಲು ನನ್ನ ಕೈಗೆ ಬರಬೇಕು ಅಂತ ನಡಾವಳಿಯಲ್ಲಿ ಬರೆಸಿದರು. ನನಗೆ ಆ ದೇಶದಲ್ಲಿ ಸಿಕ್ಕ ಮೊದಲ ಜವಾಬ್ದಾರಿ ಅದು. ಯಾವ ಬಡ್ತಿಯೂ ನನಗೆ ಅಷ್ಟು ದೊಡ್ಡದು ಅನ್ನಿಸಿಲ್ಲ.

ಅದಕ್ಕೇ ಹೇಳುವುದು. ಮೊದಲ ವರ್ಷ ನಿನಗೆ ಬೇಕಾದದ್ದು ಕುರ್ಚಿ ಅಲ್ಲ, ಎಲ್ಲರ ಮುಂದೆ "ಇಲ್ಲೊಂದು ತಪ್ಪಿದೆ" ಅಂತ ಹೇಳುವ ಅಭ್ಯಾಸ. ಉಪಾಧ್ಯಕ್ಷೆ ಆದವಳು ಬಹುತೇಕ ಸಂಘಗಳಲ್ಲಿ ಮುಂದಿನ ಸರದಿಗೆ ಅಧ್ಯಕ್ಷೆ. ಜನರ ಪರಿಚಯ ಇಲ್ಲದೆ ಅಧ್ಯಕ್ಷೆಯಾದರೆ, ಎಲ್ಲ ಕೆಲಸ ನೀನೇ ಎಳೆದುಕೊಂಡು ಸೋತುಹೋಗುತ್ತೀಯ. ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಈ ಚಾಳಿ ಸ್ವಲ್ಪ ಜಾಸ್ತಿಯೇ. ನಡಾವಳಿ ಬರೆಯುವ ಕೆಲಸ ಕೇಳಿ ತಗೋ. ಯಾರೂ ಬಯಸುವುದಿಲ್ಲ, ಕೇಳಿದ ಕೂಡಲೇ ಕೊಡುತ್ತಾರೆ. ಬರೆಯುವವಳು "ದಯವಿಟ್ಟು ಇನ್ನೊಮ್ಮೆ ಹೇಳಿ, ಏನು ತೀರ್ಮಾನವಾಯಿತು?" ಅಂತ ಕೇಳಲೇಬೇಕು. ಆಗ ಉಚ್ಚಾರಣೆಯ ಸಂಕೋಚವೂ ಕಳೆಯುತ್ತದೆ, ಯಾರು ಬರೀ ಮಾತಾಡುತ್ತಾರೆ ಯಾರು ಕೆಲಸ ಮಾಡುತ್ತಾರೆ ಅನ್ನುವುದೂ ತಿಳಿಯುತ್ತದೆ.

ನೀನು ಮಡಿಕೇರಿಯವಳು, ದಸರಾ ರಾತ್ರಿ ಹತ್ತು ಗುಡಿಗಳಿಂದ ಹೊರಡುವ ದಶಮಂಟಪ ನೋಡುತ್ತಾ ಬೆಳೆದವಳು. ಮಂಟಪ ಸಮಿತಿ ಅಂದರೆ ಏನು ಅಂತ ನಿನಗೆ ನಾನು ಹೇಳಬೇಕಾಗಿಲ್ಲ. ರಸೀದಿ ಪುಸ್ತಕ ಹಿಡಿದು ಅಂಗಡಿ ಅಂಗಡಿ ಹತ್ತಿ ಇಳಿಯುವವನು, ನಡುರಾತ್ರಿ ಜನರೇಟರ್ ಕೆಟ್ಟಾಗ ಓಡುವವನು, ಬೆಳಗಾದ ಮೇಲೆ ಲೆಕ್ಕ ಒಪ್ಪಿಸುವವನು, ಇವರಿಲ್ಲದೆ ಮಂಟಪ ಗುಡಿ ಬಿಟ್ಟು ಕದಲುವುದಿಲ್ಲ. ಅಲ್ಲಿಯೂ ಅಷ್ಟೇ. ನಾನು ಅಧ್ಯಕ್ಷೆಯಾಗಿದ್ದ ಎರಡು ವರ್ಷ ಮಾಡಿದ್ದರಲ್ಲಿ ಹೆಚ್ಚಿನದು ಸಭೆಯ ಹೊರಗಿನ ಫೋನು: "ನೀವು ಒಪ್ಪಿದ ಆ ಅರ್ಧ ಪುಟ ಎಲ್ಲಿಗೆ ಬಂತು? ಕಷ್ಟ ಇದ್ದರೆ ಹೇಳಿ, ಇನ್ನೊಬ್ಬರನ್ನು ಜೊತೆ ಹಾಕುತ್ತೇನೆ." ಸಂಬಳ ಕೊಡದವರ ಮೇಲೆ ದಬಾಯಿಸಲಿಕ್ಕಾಗುವುದಿಲ್ಲ. ಚಿಕ್ಕ ಕೆಲಸ ಕೊಡಬೇಕು, ತಾರೀಖು ಹೇಳಬೇಕು, ಮುಗಿದಾಗ ಅವರ ಹೆಸರು ಹೇಳಬೇಕು. ಒಬ್ಬರು ನಾನು ಬರೆದ ಕರಡನ್ನು ತಮ್ಮ ಹೆಸರಿನಲ್ಲಿ ಮಂಡಿಸಿದ್ದರು, ಅದು ಇವತ್ತಿಗೂ ಚುಚ್ಚುತ್ತದೆ. ಹಾಗೆ ಯಾರಿಗೂ ಮಾಡಬೇಡ.

ಒಂದು ವಿಷಯದಲ್ಲಿ ಮಾತ್ರ ನಮ್ಮೂರಿನ ರೂಢಿ ಅಲ್ಲಿ ನಡೆಯುವುದಿಲ್ಲ. ನಿನ್ನೆ ಸಂಜೆ ನೆರೆತೋಟದವರು ಬಂದು ಕೂತವರೇ "ಚೆರ್ರಿ ಚೀಲಕ್ಕೆ ಎಷ್ಟಕ್ಕೆ ಕೊಟ್ರಿ?" ಅಂತ ಅಣ್ಣನನ್ನು ಕೇಳಿದರು. ನಮ್ಮಲ್ಲಿ ಅದು ಕುಶಲ ಕೇಳಿದ ಹಾಗೆ. ಅಲ್ಲಿ ಸಮಿತಿಯಲ್ಲಿ ಕೂರುವವರೆಲ್ಲ ಒಬ್ಬರಿಗೊಬ್ಬರು ಪೈಪೋಟಿಯ ಅಂಗಡಿಯವರು. "ಆ ಕ್ರೀಮಿಗೆ ನೀವು ಎಷ್ಟು ಹಾಕುತ್ತೀರಿ?" ಅಂತ ಕೇಳುವ ಹಾಗಿಲ್ಲ, ಕಾಫಿ ವಿರಾಮದಲ್ಲೂ ಇಲ್ಲ. ಪೈಪೋಟಿಯವರು ಸೇರಿ ಬೆಲೆ ಮಾತಾಡಿಕೊಳ್ಳುವುದು 1890ರ ಶೆರ್ಮನ್ ಕಾಯ್ದೆಯಷ್ಟು ಹಳೆಯ ಅಪರಾಧ. ನಾನು ಮೊದಲ ವರ್ಷ ಪ್ರೀತಿಯಿಂದಲೇ ಕೇಳಿದ್ದೆ. ಪಕ್ಕದವರು ಮೆಲ್ಲಗೆ ಎದ್ದು ಬೇರೆ ಮೇಜಿಗೆ ಹೋದರು. ಯಾರಾದರೂ ಬೆಲೆ ಎತ್ತಿದರೆ "ಈ ಮಾತು ಇಲ್ಲಿ ಬೇಡ" ಅನ್ನು, ನಿಲ್ಲಿಸದಿದ್ದರೆ ಎದ್ದು ಹೋಗು, ಎದ್ದು ಹೋದದ್ದು ನಡಾವಳಿಯಲ್ಲಿ ಬರಲಿ. ಹಾಗೆಯೇ, ನಿನ್ನ ಮಾಲೀಕರಿಗೆ ಲಾಭವಾಗುವ ವಿಷಯ ಚರ್ಚೆಗೆ ಬಂದರೆ ಮೊದಲೇ ಹೇಳಿ ಮತ ಹಾಕದೆ ಇರು.

ವೀಸಾ. ನೀನು ಎಚ್-1ಬಿ ಅನ್ನುವ ಉದ್ಯೋಗ ವೀಸಾದಲ್ಲಿದ್ದೀಯ, ಸಂಬಳದ ಕೆಲಸ ಅರ್ಜಿ ಹಾಕಿದ ಉದ್ಯೋಗದಾತರಿಗೆ ಮಾತ್ರ. ನಿಜವಾಗಿ ಸಂಬಳವಿಲ್ಲದ, ಯಾರಿಗೂ ಸಂಬಳ ಕೊಡದ ಸಮಿತಿ ಸೇವೆ ಬೇರೆ. ಆದರೆ ಉಪನ್ಯಾಸಕ್ಕೆ ಗೌರವಧನ ಅಂತ ಚೆಕ್ ಕೊಡುತ್ತಾರಲ್ಲ, ಅದನ್ನು ಮುಟ್ಟಬೇಡ. ಪ್ರಯಾಣದ ಖರ್ಚು ಕೊಟ್ಟರೂ ತಗೊಳ್ಳುವ ಮೊದಲು ಕಂಪನಿಯ ವಕೀಲರನ್ನು ಬರವಣಿಗೆಯಲ್ಲೇ ಕೇಳು. ಮಾಲೀಕರಿಗೂ ತಿಳಿಸು.

ಎಷ್ಟು ಹೊತ್ತು ಬೇಕು ಅಂತ ಕೇಳದೆ ಒಪ್ಪಬೇಡ. ತಿಂಗಳಿಗೆ ಒಂದು ಸಭೆ, ವಾರಕ್ಕೆ ಒಂದು ಗಂಟೆ ಓದು, ಇದಕ್ಕಿಂತ ಹೆಚ್ಚು ಮೊದಲ ವರ್ಷ ಕೊಡಬೇಡ. ಊರಿನಲ್ಲಿ ಅಮ್ಮ ಏಳುವ ಹೊತ್ತು ಅಲ್ಲಿ ಸಂಜೆ. ಸಭೆ ಬೀಳುವುದೂ ಸಂಜೆಗೇ. ಭಾನುವಾರದ ಫೋನನ್ನು ಮಾತ್ರ ಯಾವ ಸಮಿತಿಗೂ ಬಿಟ್ಟುಕೊಡಬೇಡ. ನಾನು ಕೆಲವು ವರ್ಷ ಬಿಟ್ಟುಕೊಟ್ಟೆ. ಅಪ್ಪ ಈಗಿಲ್ಲ.

ಅವಧಿ ಮುಗಿದ ದಿನ ಎದ್ದು ಬರುವುದನ್ನೂ ಈಗಲೇ ಮನಸ್ಸಿನಲ್ಲಿ ಇಟ್ಟುಕೋ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಕೊಡವ ಕುಟುಂಬಗಳ ಹಾಕಿ ಹಬ್ಬ ಶುರು ಮಾಡಿದಾಗ 60 ತಂಡ ಆಡಿದವು. ಈಗ ಮುನ್ನೂರು ದಾಟಿದೆ. ಅದು ಬೆಳೆದದ್ದು ಒಂದೇ ಒಕ್ಕ, ಅಂದರೆ ಒಂದೇ ಮನೆತನ, ಹಿಡಿದು ಕೂತಿದ್ದರಿಂದ ಅಲ್ಲ. ಒಂದು ಒಕ್ಕ ನಡೆಸಿ, ಮುಂದಿನ ಸಲಕ್ಕೆ ಇನ್ನೊಂದು ಒಕ್ಕದ ಕೈಗೆ ಒಪ್ಪಿಸಿದ್ದರಿಂದ. ನಾನು ಅಧ್ಯಕ್ಷ ಸ್ಥಾನ ಬಿಟ್ಟಾಗ ಹೊಸಬರಿಗೆ ಕೊಟ್ಟದ್ದು ಒಂದು ದಪ್ಪ ಫೈಲು ಮತ್ತು ಯಾರಿಗೆ ಯಾವಾಗ ಫೋನ್ ಮಾಡಿದರೆ ಸಿಗುತ್ತಾರೆ ಅನ್ನುವ ಪಟ್ಟಿ.

ನಿನ್ನ ಕೊನೆಯ ಸಾಲಿಗೆ ಬರುತ್ತೇನೆ. 2020ರ ಮಾರ್ಚ್‌ನಲ್ಲಿ ಎಲ್ಲೂ ಸ್ಯಾನಿಟೈಸರ್ ಸಿಗದಾಗ, ಫಾರ್ಮಸಿಗಳೇ ತಯಾರಿಸಬಹುದು ಅಂತ ಎಫ್‌ಡಿಎ ಹೇಳಿತು. 80 ಶೇಕಡಾ ಎಥನಾಲ್, 1.45 ಗ್ಲಿಸರಾಲ್, 0.125 ಹೈಡ್ರೋಜನ್ ಪೆರಾಕ್ಸೈಡ್, ಉಳಿದದ್ದು ಶುದ್ಧ ನೀರು. ನಾನಾಗ ಯಾವ ಸ್ಥಾನದಲ್ಲೂ ಇರಲಿಲ್ಲ. ರಾತ್ರಿ ಹತ್ತರ ಮೇಲೆ ಫೋನ್ ಬಂತು. ಮುನ್ನೂರು ಮೈಲಿ ದೂರದ, ಸಮಿತಿಯಲ್ಲಿ ಮಾತ್ರ ಕಂಡಿದ್ದ ಒಬ್ಬ ಮುದುಕ ಫಾರ್ಮಸಿಸ್ಟ್. "ಲೆಕ್ಕ ಮಾಡಿದ್ದೇನೆ, ನೀನೊಂದು ಸಲ ನೋಡಿಬಿಡು, ಸೊನ್ನೆ ಹಿಡಿಯುವವಳು ನೀನೇ" ಅಂದರು. ಅವರು ಒಂದೊಂದೇ ಅಂಕಿ ಓದಿದರು, ನಾನು ಅಡುಗೆಮನೆಯಲ್ಲಿ ನಿಂತು ಲಕೋಟೆಯ ಹಿಂದೆ ಬರೆದು ತಾಳೆ ನೋಡಿದೆ. ಸರಿ ಇತ್ತು. ಆ ರಾತ್ರಿ ಅನ್ನಿಸಿತು ನನಗೆ.

ಮಾರ್ಚ್ ಮೊದಲ ವಾರ ಹ್ಯೂಸ್ಟನ್‌ಗೆ ವಾಪಸ್ ಬರುತ್ತೇನೆ. ಅಷ್ಟರಲ್ಲಿ ಮೊದಲ ಸಭೆಯ ಕಾಗದ ಕೈಗೆ ಬಂದರೆ ಪೆನ್ನು ಹಿಡಿದು ಓದಿ, ಸುತ್ತು ಹಾಕಿದ್ದನ್ನು ಸಭೆಯಲ್ಲೇ ಹೇಳು. ಆಮೇಲೆ ನನಗೆ ಫೋನ್ ಮಾಡು, ಏನಂದರು ಅಂತ ಕೇಳಬೇಕು.