ಐಸಿಸ್ ಹುಟ್ಟಿಸಿದ್ದು ಯಾರು, ಸೋಲಿಸಿದ್ದು ಯಾರು? ಮತ್ತೆ ಮತ್ತೆ ಬರುವ ಪ್ರಶ್ನೆಗಳಿಗೆ ಒಂದೇ ಸಲ ಉತ್ತರ

ಪಶ್ಚಿಮ ಏಷ್ಯಾ ಬಗ್ಗೆ ಏನು ಬೇಕಾದರೂ ಕೇಳಿ ಅಂತ ಹೇಳಿದರೂ ಬರುವ ಪತ್ರಗಳಲ್ಲಿ ಅರ್ಧಕ್ಕರ್ಧ ಇರಾಕ್, ಸಿರಿಯಾದಲ್ಲಿ ಬೆಳೆದ ಭಯೋತ್ಪಾದಕ ಗುಂಪು ಐಸಿಸ್ ಬಗ್ಗೆಯೇ ಇರುತ್ತವೆ. ಅದರಲ್ಲೂ ಎರಡೇ ಪ್ರಶ್ನೆ. ಹುಟ್ಟಿಸಿದ್ದು ಯಾರು, ಸೋಲಿಸಿದ್ದು ಯಾರು. ಹೆಚ್ಚಿನವರು ಉತ್ತರ ತಾವೇ ಬರೆದು, ಕೊನೆಗೆ "ಹೌದು ತಾನೇ ಸರ್?" ಅಂತ ಕೇಳುತ್ತಾರೆ. ಹೌದಲ್ಲ. ಯಾಕೆ ಅಂತ ಇವತ್ತು ಪೂರ್ತಿ ಹೇಳುತ್ತೇನೆ. ಶಿಯಾ ಯಾರು, ಸುನ್ನಿ ಯಾರು, ಇರಾಕ್ ಎಲ್ಲಿದೆ ಅಂತ ಮೊದಲಿನಿಂದ ಶುರು ಮಾಡುವುದಿಲ್ಲ. ಅಷ್ಟು ನಿಮಗೆ ಗೊತ್ತಿದೆ.

ಐಸಿಸ್ ಹುಟ್ಟಿಸಿದ್ದು ಅಮೆರಿಕಾನೇ ಅಲ್ವಾ ಸರ್? ಒಬಾಮಾ ಅದರ ಸ್ಥಾಪಕ ಅಂತ ಟ್ರಂಪ್ ಅವರೇ ಹೇಳಿದ್ದಾರೆ. ಇನ್ನೇನು ಪುರಾವೆ ಬೇಕು?

ಟ್ರಂಪ್ ಹಾಗೆ ಹೇಳಿದ್ದು ನಿಜ. 2016ರ ಆಗಸ್ಟ್‌ನಲ್ಲಿ, ಚುನಾವಣಾ ಪ್ರಚಾರದಲ್ಲಿ. ಎರಡು ದಿನ ಬಿಟ್ಟು, ಅದು ವ್ಯಂಗ್ಯಕ್ಕೆ ಅಂದಿದ್ದು ಅಂತಲೂ ಅವರೇ ಬರೆದರು. ಚುನಾವಣೆಯಲ್ಲಿ ಎದುರಾಳಿಯ ಮೇಲೆ ಹೇಳಿದ ಮಾತು ಯಾವ ದೇಶದಲ್ಲೂ ಪುರಾವೆ ಆಗುವುದಿಲ್ಲ.

ಈಗ ಇಸವಿ ನೋಡಿ. ಈ ಗುಂಪಿನ ಬೇರು 1999ರಲ್ಲಿದೆ. ಜೋರ್ಡಾನ್‌ನ ಜರ್ಕಾ ಊರಿನ ಒಬ್ಬ ಮನುಷ್ಯ ಆ ವರ್ಷ ಕ್ಷಮಾದಾನದಲ್ಲಿ ಜೈಲಿನಿಂದ ಹೊರಬಂದ. ಅಫ್ಘಾನಿಸ್ತಾನಕ್ಕೆ ಹೋದ. ಹೆರಾತ್ ಹತ್ತಿರ ತನ್ನದೇ ತರಬೇತಿ ಶಿಬಿರ ಮಾಡಿದ. ಅವನೇ ಅಬು ಮುಸಾಬ್ ಅಲ್-ಜರ್ಕಾವಿ, ಮುಂದೆ ಐಸಿಸ್ ಆಗಿ ಬೆಳೆದದ್ದು ಅವನ ಗುಂಪೇ. ಆಗ ಒಬಾಮಾ ಇಲಿನಾಯ್ ರಾಜ್ಯದ ಸೆನೆಟ್ ಸದಸ್ಯರಾಗಿದ್ದರು, ಅವರ ಹೆಸರು ಅಮೆರಿಕದಲ್ಲೇ ಹೆಚ್ಚಿನವರಿಗೆ ಗೊತ್ತಿರಲಿಲ್ಲ. 2001ರಲ್ಲಿ ಅಮೆರಿಕ ಅಫ್ಘಾನಿಸ್ತಾನದ ಮೇಲೆ ದಾಳಿ ಮಾಡಿದಾಗ ಜರ್ಕಾವಿ ಇರಾನ್ ದಾಟಿ ಉತ್ತರ ಇರಾಕಿಗೆ ಬಂದ. ಅಂದರೆ ಅಮೆರಿಕದ ಸೈನ್ಯ ಬಾಗ್ದಾದಿಗೆ ಕಾಲಿಡುವ ಮೊದಲೇ ಮನುಷ್ಯನೂ ಇದ್ದ, ಅವನ ಗುಂಪೂ ಇತ್ತು, ಯೋಚನೆಯೂ ಇತ್ತು. "ಅಮೆರಿಕ ಹುಟ್ಟಿಸಿತು" ಅನ್ನುವವರು ಈ ನಾಲ್ಕು ವರ್ಷವನ್ನು ಸುಮ್ನೆ ಹಾರಿಸಿಬಿಡುತ್ತಾರೆ.

ಹಾಗಾದರೆ ಅಮೆರಿಕದ ತಪ್ಪೇ ಇಲ್ಲವಾ? ಇದೆ. ತುಂಬಾ ದೊಡ್ಡದಿದೆ. 2003ರ ಮಾರ್ಚ್‌ನಲ್ಲಿ ಬುಷ್ ಸರ್ಕಾರ ಇರಾಕ್ ಮೇಲೆ ಯುದ್ಧ ಮಾಡಿತು. ಅದಕ್ಕೆ ಕೊಟ್ಟ ಕಾರಣವೇ ಸುಳ್ಳಾಯಿತು, ಹುಡುಕಿದ ಸಾಮೂಹಿಕ ನಾಶದ ಅಸ್ತ್ರಗಳು ಅಲ್ಲಿ ಇರಲೇ ಇಲ್ಲ. ಮೇ ತಿಂಗಳಲ್ಲಿ, ಇರಾಕ್ ಆಡಳಿತಕ್ಕೆ ಅಮೆರಿಕ ನೇಮಿಸಿದ್ದ ಪಾಲ್ ಬ್ರೆಮರ್ ಎರಡು ಆದೇಶ ಹೊರಡಿಸಿದರು. ಒಂದರಲ್ಲಿ ಸದ್ದಾಂನ ಬಾತ್ ಪಕ್ಷದ ಮೇಲಿನ ಹಂತದವರನ್ನೆಲ್ಲ ಸರ್ಕಾರಿ ಕೆಲಸದಿಂದ ತೆಗೆದರು. ಇನ್ನೊಂದರಲ್ಲಿ ಇಡೀ ಸೈನ್ಯವನ್ನೇ ವಿಸರ್ಜಿಸಿದರು. ಲಕ್ಷಗಟ್ಟಲೆ ಜನ ಒಂದೇ ವಾರದಲ್ಲಿ ಸಂಬಳ ಕಳೆದುಕೊಂಡರು. ಬಂದೂಕು ಹಿಡಿಯೋದು ಬಿಟ್ಟು ಬೇರೆ ಕೆಲಸ ಗೊತ್ತಿಲ್ಲದವರು, ಮರ್ಯಾದೆ ಹೋದವರು, ಮನೆಯಲ್ಲಿ ಆಯುಧ ಇದ್ದವರು. ಮುಂದೆ ಐಸಿಸ್‌ನ ಗೂಢಚಾರ ವ್ಯವಸ್ಥೆ ಕಟ್ಟಿದ ಹಾಜಿ ಬಕರ್ ಸದ್ದಾಂನ ಸೈನ್ಯದಲ್ಲಿ ಕರ್ನಲ್ ಆಗಿದ್ದವನು.

ಆಮೇಲೆ ಜೈಲುಗಳು. ದಕ್ಷಿಣ ಇರಾಕಿನಲ್ಲಿ ಅಮೆರಿಕನ್ನರು ನಡೆಸುತ್ತಿದ್ದ ಬುಕ್ಕಾ ಶಿಬಿರದಲ್ಲಿ ಒಂದು ಕಾಲಕ್ಕೆ 20 ಸಾವಿರಕ್ಕೂ ಜಾಸ್ತಿ ಜನ ಇದ್ದರು. ತಪ್ಪು ಮಾಡಿದವರು, ಮಾಡದವರು, ಕಟ್ಟರ್ ಜಿಹಾದಿಗಳು, ಮಾಜಿ ಸೈನಿಕರು, ಎಲ್ಲರೂ ಒಂದೇ ಬೇಲಿಯೊಳಗೆ. 2004ರಲ್ಲಿ, ಮುಂದೆ ಐಸಿಸ್ ಮುಖ್ಯಸ್ಥನಾದ ಅಬು ಬಕರ್ ಅಲ್-ಬಾಗ್ದಾದಿ ಕೂಡ ಅಲ್ಲಿ ಸುಮಾರು ಹತ್ತು ತಿಂಗಳು ಇದ್ದ. ಹಾಜಿ ಬಕರ್ ಕೂಡ ಅಲ್ಲಿದ್ದವನೇ. ಹೊರಗೆ ಸೇರಲು ಸಾಧ್ಯವೇ ಇಲ್ಲದವರು ಒಳಗೆ ಪರಿಚಯ ಮಾಡಿಕೊಂಡರು.

ಆದರೆ ಕೊಂದವರ ಲೆಕ್ಕವನ್ನು ಕೊಂದವರ ಹೆಸರಿನಲ್ಲೇ ಬರೆಯಬೇಕು. 2003ರ ಆಗಸ್ಟ್‌ನಲ್ಲಿ ಜರ್ಕಾವಿಯ ಜನ ಬಾಗ್ದಾದಿನಲ್ಲಿ ವಿಶ್ವಸಂಸ್ಥೆಯ ಕಚೇರಿ ಸ್ಫೋಟಿಸಿದರು. ಅದೇ ತಿಂಗಳು ನಜಾಫ್‌ನಲ್ಲಿ ಶಿಯಾಗಳ ಪವಿತ್ರ ದರ್ಗಾದ ಹೊರಗೆ ಬಾಂಬ್ ಇಟ್ಟರು. ಅವರಿಗೆ ಬೇಕಾಗಿದ್ದದ್ದು ಶಿಯಾ-ಸುನ್ನಿ ಕಾದಾಟ. 2004ರ ಶುರುವಿನಲ್ಲಿ ಸಿಕ್ಕಿಬಿದ್ದ ಪತ್ರದಲ್ಲಿ ಜರ್ಕಾವಿಯ ಲೆಕ್ಕಾಚಾರ ಅದೇ ಇತ್ತು. ಶಿಯಾಗಳನ್ನು ಹೊಡೆದರೆ ಅವರು ಸುನ್ನಿಗಳನ್ನು ಹೊಡೆಯುತ್ತಾರೆ, ಆಗ ಸುನ್ನಿಗಳು ನಮ್ಮ ಹತ್ತಿರ ಬರಲೇಬೇಕು. ಇದನ್ನು ವಾಷಿಂಗ್ಟನ್‌ನಲ್ಲಿ ಕೂತು ಯಾರೂ ಬರೆದುಕೊಡಲಿಲ್ಲ. ಬಾಗಿಲು ಮುರಿದು ಹೋದವನೂ ತಪ್ಪಿತಸ್ಥ, ಆ ಬಾಗಿಲಿನಿಂದ ನುಗ್ಗಿ ಕೊಂದವನೂ ತಪ್ಪಿತಸ್ಥ. ಇಬ್ಬರೂ ಒಬ್ಬನೇ ಅಂದುಬಿಟ್ಟರೆ ಕೊಂದವನು ಆರಾಮಾಗಿ ತಪ್ಪಿಸಿಕೊಳ್ಳುತ್ತಾನೆ. ನನಗೆ ಸಿಟ್ಟು ಬರುವುದು ಇಲ್ಲೇ.

ಇನ್ನು ಒಬಾಮಾ. ಅವರು 2011ರ ಕೊನೆಗೆ ಸೈನ್ಯ ವಾಪಸ್ ಕರೆಸಿದ್ದರಿಂದಲೇ ಇದೆಲ್ಲ ಆಯಿತು ಅನ್ನುವವರಿದ್ದಾರೆ. ಆ ಗಡುವಿಗೆ ಇರಾಕ್ ಜೊತೆ ಸಹಿ ಆಗಿದ್ದು 2008ರಲ್ಲಿ, ಬುಷ್ ಕಾಲದಲ್ಲಿ. ಸೈನ್ಯ ಇದ್ದಿದ್ದರೆ ಸ್ವಲ್ಪ ತಡೆಯಾಗುತ್ತಿತ್ತು ಅಂತ ನನಗೂ ಅನಿಸುತ್ತದೆ. ಆದರೆ ಸೈನ್ಯ ಹೋದ ಮೇಲೆ ಇರಾಕ್ ಪ್ರಧಾನಿ ನೂರಿ ಅಲ್-ಮಾಲಿಕಿ ಮಾಡಿದ್ದನ್ನು ಯಾರೂ ಕೇಳುವುದಿಲ್ಲ. ಸುನ್ನಿ ಉಪಾಧ್ಯಕ್ಷರ ಮೇಲೆ ಬಂಧನದ ವಾರಂಟ್ ಬಂತು. 'ಸಹ್ವಾ' ಅಂತ ಕರೆಯುವ ಸುನ್ನಿ ಬುಡಕಟ್ಟುಗಳ ಪಡೆ ಇತ್ತು, 2006ರಿಂದ 2008ರವರೆಗೆ ಇದೇ ಗುಂಪನ್ನು ಪಶ್ಚಿಮ ಇರಾಕಿನ ಅನ್ಬಾರ್‌ನಿಂದ ಓಡಿಸಿದವರೇ ಅವರು. ಅವರಿಗೆ ಕೆಲಸ ಕೊಡುತ್ತೇವೆ ಅಂದಿದ್ದರು, ಹೆಚ್ಚಿನವರಿಗೆ ಕೊಡಲಿಲ್ಲ. 2013ರ ಏಪ್ರಿಲ್‌ನಲ್ಲಿ ಹವಿಜಾದಲ್ಲಿ ಪ್ರತಿಭಟನೆಗೆ ಕೂತವರ ಮೇಲೆ ಸೈನ್ಯ ನುಗ್ಗಿತು, ಹತ್ತಾರು ಜನ ಸತ್ತರು. ಅದೇ ಜುಲೈನಲ್ಲಿ ಈ ಗುಂಪು ಬಾಗ್ದಾದ್ ಹತ್ತಿರದ ಅಬು ಗ್ರೈಬ್ ಜೈಲು ಒಡೆಯಿತು, 500ಕ್ಕೂ ಜಾಸ್ತಿ ಕೈದಿಗಳು ಓಡಿಹೋದರು.

ಪಕ್ಕದಲ್ಲಿ ಸಿರಿಯಾ. 2003ರ ನಂತರ ಇರಾಕಿಗೆ ಹೋಗುವ ಹೊರದೇಶದ ಜಿಹಾದಿಗಳಿಗೆ ಸಿರಿಯಾ ದಾರಿಯಾಗಿತ್ತು. 2007ರಲ್ಲಿ ಸಿಂಜಾರ್ ಹತ್ತಿರ ಸಿಕ್ಕ ದಾಖಲೆಗಳಲ್ಲಿ ಹಾಗೆ ಬಂದವರ ಹೆಸರು, ಊರು ಎಲ್ಲ ಇದ್ದವು. 2011ರಲ್ಲಿ ಜನ ಬೀದಿಗಿಳಿದಾಗ ಬಶರ್ ಅಲ್-ಅಸಾದ್ ಸರ್ಕಾರ ಸೈದ್ನಾಯಾ ಜೈಲಿನಿಂದ ಇಸ್ಲಾಮಿಸ್ಟ್ ಕೈದಿಗಳನ್ನು ಬಿಟ್ಟಿತು. ಅಸಾದ್ ಹುಟ್ಟಿಸಿದರು ಅನ್ನುವವರು ಇದನ್ನೇ ಹಿಡಿದುಕೊಳ್ಳುತ್ತಾರೆ. ಅದೂ ಪೂರ್ತಿ ಸರಿಯಲ್ಲ. ಆದರೆ ಹಾದಿ ಮಾಡಿಕೊಟ್ಟವರಲ್ಲಿ ಅವರೂ ಒಬ್ಬರು.

"ಅಮೆರಿಕದ ಗುಪ್ತ ದಾಖಲೆಯೇ ಇದೆ" ಅಂತ ಕಳಿಸುವವರಿಗೆ ಒಂದು ಮಾತು. ನೀವು ಹೇಳುವುದು 2012ರ ಆಗಸ್ಟ್‌ನ ಸೇನಾ ಗುಪ್ತಚರ ವರದಿ, 2015ರಲ್ಲಿ ಹೊರಬಂದದ್ದು. ಪೂರ್ವ ಸಿರಿಯಾದಲ್ಲಿ ಸಲಫಿಗಳ, ಅಂದರೆ ಕಟ್ಟರ್ ಸುನ್ನಿ ಪಂಥದವರ, ಒಂದು ಪ್ರಾಂತ್ಯ ಹುಟ್ಟಬಹುದು ಅಂತ ಅದರಲ್ಲಿದೆ. ಅಸಾದ್ ವಿರೋಧಿಗಳಿಗೆ ಬೆಂಬಲ ಕೊಡುವ ದೇಶಗಳಿಗೆ ಅದು ಬೇಕಾಗಿದೆ ಅಂತಲೂ ಇದೆ. ಆದರೆ ಅದು ಕೆಳಗಿನಿಂದ ಬಂದ ಒಂದು ಅಂದಾಜು, ಆದೇಶ ಅಲ್ಲ. ಹೀಗಾಗಬಹುದು ಅಂತ ಎಚ್ಚರಿಸಿದವನು ಹೀಗೆ ಮಾಡಿ ಅಂದ ಹಾಗೆ ಆಗುವುದಿಲ್ಲ. ಎಚ್ಚರಿಕೆ ಕೊಟ್ಟರೂ ಕೇಳಲಿಲ್ಲ ಅಂತ ಬೈಯಿರಿ, ನಾನೂ ಜೊತೆಗೆ ಬೈಯುತ್ತೇನೆ.

ಆಯುಧದ ಮಾತೂ ಹಾಗೆಯೇ. ಸಿರಿಯಾದ ಬಂಡುಕೋರರಿಗೆ ಅಂತ ಅಮೆರಿಕ ಮತ್ತು ಸೌದಿ ಪೂರ್ವ ಯುರೋಪಿನಲ್ಲಿ ಕೊಂಡ ಆಯುಧಗಳು ಕೈ ಬದಲಾಗಿ ಐಸಿಸ್‌ಗೆ ಸೇರಿದ್ದು ನಿಜ. ಆಯುಧಗಳ ಜಾಡು ಹಿಡಿಯುವ ಸಂಸ್ಥೆಯೊಂದು 2017ರಲ್ಲಿ ಇದನ್ನು ದಾಖಲಿಸಿತು. ಅದೇ ಸಂಸ್ಥೆಯ 2016ರ ವರದಿ ನೋಡಿ. ಐಸಿಸ್ ಬಾಂಬುಗಳಲ್ಲಿ ಸಿಕ್ಕ ಸಾಮಾನು ತಯಾರಿಸಿದ ಕಂಪನಿಗಳಲ್ಲಿ ಏಳು ಭಾರತದವು. ಡಿಟೋನೇಟರ್, ಫ್ಯೂಸ್ ತರದ ವಸ್ತುಗಳು. ಇಲ್ಲಿಂದ ಕಾನೂನು ಪ್ರಕಾರ ಟರ್ಕಿಗೆ, ಲೆಬನಾನ್‌ಗೆ ಹೋಗಿದ್ದು. ಹಾಗಂತ ಐಸಿಸ್ ಹುಟ್ಟಿಸಿದ್ದು ಭಾರತ ಅಂತ ಬರೆಯುತ್ತೀರಾ? ಇಲ್ಲ ಅಲ್ವಾ.

ಬಾಗ್ದಾದಿ ಇಸ್ರೇಲಿನ ಏಜೆಂಟ್, ನಿಜವಾದ ಹೆಸರು ಸೈಮನ್ ಎಲಿಯಟ್, ಸ್ನೋಡೆನ್ ದಾಖಲೆಯಲ್ಲಿದೆಯಂತೆ?

ಅಮೆರಿಕದ ಗುಪ್ತ ದಾಖಲೆಗಳನ್ನು ಹೊರಹಾಕಿದ ಸ್ನೋಡೆನ್ ದಾಖಲೆಗಳಲ್ಲಿ ಅಂಥದ್ದೇನೂ ಇಲ್ಲ. ಬಾಗ್ದಾದಿ ಇರಾಕಿನ ಸಮಾರಾ ಊರಿನವನು. ಇದನ್ನು ಮತ್ತೆ ಕೇಳಬೇಡಿ.

ಐಸಿಸ್ ಹುಟ್ಟಿಸಿದ್ದು ಅಮೆರಿಕವೇ ಅಂತ ಹಿಲರಿ ಕ್ಲಿಂಟನ್ ತಮ್ಮ ಪುಸ್ತಕದಲ್ಲೇ ಒಪ್ಪಿಕೊಂಡಿದ್ದಾರಲ್ಲ?

ಇಲ್ಲ. ಪುಸ್ತಕ ಅಂಗಡಿಯಲ್ಲಿ ಸಿಗುತ್ತದೆ, ಓದಿ ನೋಡಿ.

ಹಾಗಾದರೆ ಸೋಲಿಸಿದ್ದು ಯಾರು? ಟ್ರಂಪ್ ಅಂತೆ, ಒಬಾಮಾ ಅಂತೆ, ರಷ್ಯಾ ಅಂತೆ. ನಿಜವಾಗಲೂ ಸೋತಿದೆಯಾ?

2018ರ ಡಿಸೆಂಬರ್ 19ರಂದು ಟ್ರಂಪ್ "ಸಿರಿಯಾದಲ್ಲಿ ಐಸಿಸ್ ಸೋತಿದೆ, ಸೈನ್ಯ ವಾಪಸ್" ಅಂದರು. ಮರುದಿನವೇ ಅವರ ರಕ್ಷಣಾ ಸಚಿವ ಜಿಮ್ ಮ್ಯಾಟಿಸ್ ರಾಜೀನಾಮೆ ಕೊಟ್ಟರು. ಆ ದಿನ ಐಸಿಸ್ ಕೈಯಲ್ಲಿ ಯೂಫ್ರೆಟಿಸ್ ದಡದ ಹಳ್ಳಿಗಳು ಇನ್ನೂ ಇದ್ದವು. ಕೊನೆಯ ಹಳ್ಳಿ ಬಾಗೂಜ್ ಬಿದ್ದದ್ದು 2019ರ ಮಾರ್ಚ್ 23ಕ್ಕೆ.

ಶ್ರೇಯ ಯಾರದು ಅಂತ ಅಮೆರಿಕದ ಎರಡು ಪಕ್ಷಗಳು ಕಿತ್ತಾಡುವುದನ್ನು ನಾವು ಯಾಕೆ ಎರವಲು ತರಬೇಕು? ಐಸಿಸ್ ಹಿಡಿದಿದ್ದ ಇರಾಕಿನ ಮೊಸುಲ್ ನಗರದ ಯುದ್ಧ ಶುರುವಾದದ್ದು 2016ರ ಅಕ್ಟೋಬರ್‌ನಲ್ಲಿ, ಒಬಾಮಾ ಕಾಲದಲ್ಲಿ. ಮುಗಿದದ್ದು 2017ರ ಜುಲೈನಲ್ಲಿ, ಟ್ರಂಪ್ ಕಾಲದಲ್ಲಿ. ಆದರೆ ಓಣಿ ಓಣಿಯಲ್ಲಿ, ಮನೆ ಮನೆಯಲ್ಲಿ ಸತ್ತವರು ಇರಾಕಿ ಸೈನಿಕರು. ಸಿರಿಯಾದಲ್ಲಿ ಕುರ್ದರ ನಾಯಕತ್ವದ ಪಡೆ ತನ್ನ 11 ಸಾವಿರ ಜನರನ್ನು ಕಳೆದುಕೊಂಡೆ ಅನ್ನುತ್ತದೆ. ಅದರಲ್ಲಿ ಹೆಣ್ಣುಮಕ್ಕಳೂ ಇದ್ದರು, ಅರಬರೂ ಇದ್ದರು. ಅಮೆರಿಕದ ವಿಮಾನಗಳಿಲ್ಲದೆ ಇದು ಆಗುತ್ತಿರಲಿಲ್ಲ, ನಿಜ. ಅದೇ ವಿಮಾನ, ಫಿರಂಗಿಗಳ ದಾಳಿಯಲ್ಲಿ ಸಿರಿಯಾದ ರಕ್ಕಾ ನಗರದಲ್ಲಿ 1,600ಕ್ಕೂ ಜಾಸ್ತಿ ಸಾಮಾನ್ಯ ಜನ ಸತ್ತರು ಅಂತ ಮಾನವ ಹಕ್ಕು ಸಂಸ್ಥೆ ಆಮ್ನೆಸ್ಟಿ ಮತ್ತು ಇಂಥ ಸಾವುಗಳ ಲೆಕ್ಕ ಇಡುವ ಏರ್‌ವಾರ್ಸ್ ಲೆಕ್ಕ ಹಾಕಿವೆ, ಅದೂ ನಿಜ. ಪಾಲ್ಮೈರಾ, ದೈರ್ ಎಜ್-ಜೋರ್ ಕಡೆ ಹೊಡೆದದ್ದು ಅಸಾದ್ ಸೈನ್ಯ, ರಷ್ಯಾ, ಇರಾನ್ ಕಡೆಯವರು.

ಸೋತಿತಾ ಅನ್ನುವುದಕ್ಕೆ ನನ್ನ ಉತ್ತರ 2010ರಲ್ಲಿದೆ. ಆ ಏಪ್ರಿಲ್‌ನಲ್ಲಿ ಈ ಗುಂಪಿನ ಇಬ್ಬರು ದೊಡ್ಡ ನಾಯಕರು ಒಂದೇ ದಿನ ಸತ್ತರು. ಜೂನ್‌ನಲ್ಲಿ ಅಮೆರಿಕದ ಜನರಲ್ ಓಡಿಯರ್ನೊ ಲೆಕ್ಕ ಕೊಟ್ಟರು, 42 ಮುಖ್ಯರಲ್ಲಿ 34 ಜನ ಸತ್ತಿದ್ದಾರೆ ಇಲ್ಲವೇ ಸಿಕ್ಕಿದ್ದಾರೆ ಅಂತ. ಲೆಕ್ಕ ಸರಿಯಾಗಿಯೇ ಇತ್ತು. ನಾಲ್ಕು ವರ್ಷಕ್ಕೆ, 2014ರ ಜೂನ್‌ನಲ್ಲಿ, ಮೊಸುಲ್ ಅವರ ಕೈಯಲ್ಲಿತ್ತು. ಹಾಗಾಗಿ ನೆಲ ಹೋಯಿತು ಅಂದರೆ ಒಪ್ಪುತ್ತೇನೆ, ನಾಯಕ ಸತ್ತ ಅಂದರೆ ಒಪ್ಪುತ್ತೇನೆ, ಮುಗಿಯಿತು ಅಂದರೆ ಒಪ್ಪುವುದಿಲ್ಲ. ನಾನು ನೋಡುವುದು ಜೈಲುಗಳನ್ನು. 2019ರಲ್ಲಿ ಈಶಾನ್ಯ ಸಿರಿಯಾದ ಅಲ್-ಹೋಲ್ ಶಿಬಿರದಲ್ಲಿ ಐಸಿಸ್ ನೆಲದಿಂದ ಬಂದ 70 ಸಾವಿರಕ್ಕೂ ಜಾಸ್ತಿ ಜನರನ್ನು ತುಂಬಿದರು, ಹೆಚ್ಚಿನವರು ಹೆಂಗಸರು, ಮಕ್ಕಳು. 2022ರ ಜನವರಿಯಲ್ಲಿ ಐಸಿಸ್ ಜನ ಸಿರಿಯಾದ ಹಸಾಕಾ ಜೈಲಿನ ಮೇಲೆ ದಾಳಿ ಮಾಡಿ ಕೈದಿಗಳನ್ನು ಬಿಡಿಸಲು ನೋಡಿದರು. ಬುಕ್ಕಾ ನೆನಪಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 2024ರ ಮಾರ್ಚ್‌ನಲ್ಲಿ ಮಾಸ್ಕೋದ ಸಂಗೀತ ಸಭಾಂಗಣದಲ್ಲಿ 140ಕ್ಕೂ ಜಾಸ್ತಿ ಜನರನ್ನು ಕೊಂದದ್ದೂ ಇದರ ಅಫ್ಘಾನ್ ಶಾಖೆಯೇ ಅಂತ ಅಮೆರಿಕ ಹೇಳಿತು.

ಇದಕ್ಕೆಲ್ಲ ಕಾರಣ ಅವರ ಧರ್ಮವೇ ಅಂತ ನೇರವಾಗಿ ಬರೆಯಲು ಭಯವೇ?

ಭಯ ಇಲ್ಲ. ಅವರು ಧರ್ಮದ ಮಾತನ್ನೇ ಆಡುತ್ತಾರೆ, ಅದನ್ನು ನಾನು ಮುಚ್ಚಿಡುವುದಿಲ್ಲ. ಆದರೆ ಅವರು ಕೊಂದವರಲ್ಲಿ ಹೆಚ್ಚಿನವರು ಮುಸ್ಲಿಮರು, ಅವರ ವಿರುದ್ಧ ಹೋರಾಡಿ ಸತ್ತವರಲ್ಲೂ ಹೆಚ್ಚಿನವರು ಮುಸ್ಲಿಮರು. 2014ರ ಸೆಪ್ಟೆಂಬರ್‌ನಲ್ಲಿ 120ಕ್ಕೂ ಜಾಸ್ತಿ ಮುಸ್ಲಿಂ ವಿದ್ವಾಂಸರು ಬಾಗ್ದಾದಿಗೆ ಬಹಿರಂಗ ಪತ್ರ ಬರೆದು ಅವನ ವಾದ ತಪ್ಪು ಅಂದರು. ನಿಮ್ಮ ಬೀದಿಯ ಪಕ್ಕದ ಮನೆಯವರನ್ನು ಬೈಯಲು ನನ್ನ ಅಂಕಣ ಸಿಗುವುದಿಲ್ಲ.

ಎಲ್ಲೋ ಇರುವ ಜಗಳ, ನಮಗೇಕೆ?

ಮೊಸುಲ್‌ನಲ್ಲಿ ಕೂಲಿಗೆ ಹೋಗಿದ್ದ 39 ಭಾರತೀಯರನ್ನು 2014ರಲ್ಲಿ ಕೊಂದರು. ಅವರು ಇಲ್ಲ ಅಂತ ಮನೆಯವರಿಗೆ ಖಚಿತವಾಗಿದ್ದು 2018ರ ಮಾರ್ಚ್‌ನಲ್ಲಿ. ನಾಲ್ಕು ವರ್ಷ ಕಾದರು. 2015ರಲ್ಲಿ ಲಿಬಿಯಾದ ಸಿರ್ತ್‌ನಲ್ಲಿ ಅಪಹರಣವಾದ ನಾಲ್ವರು ಭಾರತೀಯರಲ್ಲಿ ಇಬ್ಬರು ಕರ್ನಾಟಕದವರು. ಪುಣ್ಯಕ್ಕೆ ಆ ಇಬ್ಬರಿಗೆ ಬೇಗ ಬಿಡುಗಡೆಯಾಯಿತು. ಐಸಿಸ್ ಪರವಾಗಿ ಬರೆಯುತ್ತಿದ್ದ, ಪ್ರಪಂಚದಾದ್ಯಂತ ಜನ ಓದುತ್ತಿದ್ದ ಒಂದು ಟ್ವಿಟ್ಟರ್ ಖಾತೆ ಬೆಂಗಳೂರಿನಿಂದ ನಡೆಯುತ್ತಿತ್ತು ಅಂತ 2014ರ ಡಿಸೆಂಬರ್‌ನಲ್ಲಿ ಗೊತ್ತಾಯಿತು. ದೂರ ಅನ್ನುವುದು ಭೂಪಟದಲ್ಲಿ ಮಾತ್ರ.

ನನ್ನ ಮಗ ಪಿಯುಸಿ. ಇಂಥ ವಿಡಿಯೊಗಳನ್ನು ರಾತ್ರಿ ಕೂತು ನೋಡುತ್ತಾನೆ. ಹೆದರಿಕೆ ಆಗುತ್ತಿದೆ. ಒಂದೆರಡು ನಿಮಗೂ ಕಳಿಸಲೇ?

ಅಮ್ಮಾ, ನಿಮ್ಮ ಹೆದರಿಕೆ ಸರಿಯಾದದ್ದೇ. ಆದರೆ ಫೋನ್ ಕಿತ್ತುಕೊಂಡು ಬೈದರೆ ಅವನು ಇನ್ನೊಂದು ಫೋನ್ ಹುಡುಕುತ್ತಾನೆ. ಪಕ್ಕದಲ್ಲಿ ಕೂತು ಏನು ನೋಡುತ್ತಿದ್ದಾನೆ, ಯಾರು ಕಳಿಸಿದರು ಅಂತ ಕೇಳಿ. ಬರೀ ಕುತೂಹಲವಾದರೆ ಮಾತಿನಲ್ಲೇ ಗೊತ್ತಾಗುತ್ತದೆ. ಯಾರೋ ಗುರುತಿಲ್ಲದವರು ಅವನ ಜೊತೆ ದಿನಾ ಚಾಟ್ ಮಾಡುತ್ತಿದ್ದರೆ ಮಾತ್ರ ತಡ ಮಾಡಬೇಡಿ, ಮನೆಯ ಹಿರಿಯರೊಬ್ಬರ ಜೊತೆ ಹೋಗಿ ಪೊಲೀಸರ ಹತ್ತಿರ ಮಾತಾಡಿ. ಕೊಂದವರ ವಿಡಿಯೊ ಬದಲು ಬದುಕಿ ಬಂದವರ ಮಾತು ಕೇಳಿಸಿ. ಸಿಂಜಾರ್‌ನ ಕೋಚೊ ಹಳ್ಳಿಯ ನಾದಿಯಾ ಮುರಾದ್ ಇದ್ದಾರೆ, ಯಜೀದಿ ಅನ್ನುವ ಅಲ್ಪಸಂಖ್ಯಾತ ಧರ್ಮದ ಹುಡುಗಿ, ಅವರ ತಾಯಿಯನ್ನೂ ಅಣ್ಣಂದಿರನ್ನೂ ಕೊಂದರು, ಅವರನ್ನು ಗುಲಾಮಳಾಗಿ ಮಾರಿದರು. ತಪ್ಪಿಸಿಕೊಂಡು ಬಂದು ಎಲ್ಲವನ್ನೂ ಹೇಳಿದರು, 2018ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಅವರ ಭಾಷಣ ನೀವೂ ಅವನ ಜೊತೆ ಕೂತು ಕೇಳಿ.

ವಿಡಿಯೊ ನನಗೆ ಕಳಿಸಬೇಡಿ. ಇಷ್ಟು ವರ್ಷದಲ್ಲಿ ನಾನು ಅಂಥ ಒಂದನ್ನೂ ತೆರೆದಿಲ್ಲ, ತೆರೆಯುವುದೂ ಇಲ್ಲ.