ಎಳೆಯುವುದಕ್ಕಿಂತ ಹೊರುವುದು ಮುಖ್ಯ

ಬದಿಯಡ್ಕದಿಂದ ಐವರು ಹೊರಟು ಸಂಪಾಜೆ ಘಾಟಿ ಹತ್ತಲು ನಿಮ್ಮ ಏಳು ಸೀಟಿನ ಡೀಸೆಲ್ ಗಾಡಿಗೆ 1500 ಕಿಲೋದ ಟ್ರೇಲರ್ ಆದೀತೇ ಎಂದು ಕೇಳಿದ್ದೀರಿ. ಎಂಜಿನ್ ಎಳೆದೀತು, ನನ್ನ ಚಿಂತೆ ಹಿಂದಿನ ಆಕ್ಸಲಿನದ್ದು. ಟ್ರೇಲರ್ ತೂಕದ ಶೇ. 10ರಿಂದ 15, ಅಂದರೆ 150–225 ಕಿಲೋ, ಗಾಡಿಯ ಹಿಂದೆ ಟ್ರೇಲರ್ ಸಿಕ್ಕಿಸುವ ಕೊಕ್ಕೆಯ ಮೇಲೆಯೇ ಕೂರುತ್ತದೆ. ಅದಕ್ಕೆ ನೀವು ಐವರನ್ನೂ ಸಾಮಾನನ್ನೂ ಸೇರಿಸಿ. ಆರ್‌ಸಿಯಲ್ಲಿರುವ ಒಟ್ಟು ತೂಕದಿಂದ ಖಾಲಿ ತೂಕ ಕಳೆದು ಉಳಿದದ್ದೇ ನಿಮ್ಮ ಮಿತಿ. ಟ್ರೇಲರನ್ನೂ ಖಾಲಿ ತೂಗಬೇಡಿ. ನೀರು, ಗ್ಯಾಸ್, ಅಕ್ಕಿಚೀಲ ತುಂಬಿಸಿಯೇ ವೇ-ಬ್ರಿಡ್ಜಿಗೆ ಹತ್ತಿಸಿ. ಕೊಕ್ಕೆ ಸಿಕ್ಕಿಸಿದಾಗ ಹಿಂಭಾಗ ಕುಸಿದು ಹೆಡ್‌ಲೈಟ್ ಕಂಗಿನ (ಅಡಿಕೆ ಮರದ) ತಲೆಗೆ ಬಿದ್ದರೆ, ಮುಂದಿನ ಚಕ್ರದ ಹಿಡಿತ ತಪ್ಪುತ್ತಿದೆ ಎಂದರ್ಥ. ಮಳೆಗಾಲದ ತಿರುವಿನಲ್ಲಿ ಅದು ಜೀವಕ್ಕೇ ಅಪಾಯ. ದಯವಿಟ್ಟು ಸಾವಿರ ಕಿಲೋದೊಳಗೆ, ಸ್ವಂತ ಬ್ರೇಕ್ ಇರುವುದನ್ನೇ ನೋಡಿ. ಗಾಡಿಯ ಕೈಪಿಡಿಯಲ್ಲಿ ಎಳೆಯುವ ಮಿತಿ ಅದಕ್ಕಿಂತ ಕಡಿಮೆಯಿದ್ದರೆ ಅದೇ ಕೊನೆಯ ಮಾತು.